ಎಡಗಾಲಿನ ಬ್ಯಾಂಡ್

"ಬಿಗಿ ಆಯ್ತಾ?" ಕಿಡಿ ಕೇಳಿದಳು.

"ಬಿಗಿನಾ? ಇನ್ನು ಸ್ವಲ್ಪ ಎಳೆದ್ರೆ ಪಾದ ಕಳಚಿ ನಿನ್ನ ಕೈಗೇ ಬರುತ್ತೆ," ಎಂದ ಅಜ್ಜ.

ಕಿಡಿ ನೆಲದ ಮೇಲೆ ಮಂಡಿಯೂರಿ ಕುಳಿತಿದ್ದಳು. ಸ್ಕೂಲ್ ಬ್ಯಾಗ್ ಆಗಲೇ ಹೆಗಲೇರಿತ್ತು. ಮಂಚದ ಅಂಚಿಗೆ ಕುಳಿತಿದ್ದ ಅಜ್ಜನ ಬಲಗಾಲು ಅವಳ ತೊಡೆಯ ಮೇಲಿತ್ತು. ಪಾದದ ಗಂಟು ಊದಿಕೊಂಡಿತ್ತು. ಬ್ಯಾಂಡ್ ಕಟ್ಟುವ ಜಾಗದಲ್ಲಿ ಕೆಂಪು ಗೆರೆ ಬಿದ್ದು, ಒಂದು ಕಡೆ ಚರ್ಮ ಸುಲಿದಿತ್ತು.

ಬ್ಯಾಂಡ್ ಎಂದರೆ ದೊಡ್ಡ ವಸ್ತುವೇನಲ್ಲ. ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆ, ಅದಕ್ಕೊಂದು ಅಂಟಿಕೊಳ್ಳುವ ಪಟ್ಟಿ. ಒಳಗೆ ಸೆನ್ಸರ್ ಇದೆಯಂತೆ. ಅಜ್ಜ ದಿನಕ್ಕೆಷ್ಟು ನಡೆದ ಎಂಬುದನ್ನು ಅದು ಮನೆಯಲ್ಲಿದ್ದ ಹಳೆಯ ಫೋನಿಗೆ ತಿಳಿಸುತ್ತಿತ್ತು. ಫೋನು ಅದನ್ನು ಆಸ್ಪತ್ರೆಗೆ ತಿಳಿಸುತ್ತಿತ್ತು. ಅಜ್ಜ ಅದಕ್ಕೆ ಚಾಡಿಕೋರ ಎಂದು ಹೆಸರಿಟ್ಟಿದ್ದ.

ಅಂಗಡಿಯ ಮೆಟ್ಟಿಲು ತಪ್ಪಿ ಬಿದ್ದು ಅಜ್ಜ ತೊಡೆಯ ಮೂಳೆ ಮುರಿದುಕೊಂಡಿದ್ದ. ಆಸ್ಪತ್ರೆಯವರು ಒಳಗೊಂದು ರಾಡ್ ಹಾಕಿ, ಕೈಗೊಂದು ವಾಕರ್ ಕೊಟ್ಟು ಮನೆಗೆ ಕಳಿಸಿದ್ದರು. ವಾರಕ್ಕೆರಡು ಸಲ ಫಿಸಿಯೋ ಅಕ್ಕ ಬಂದು ಕಾಲನ್ನು ಮಡಚಿಸಿ, ಚಾಚಿಸಿ, ನಡೆಸಿ ಹೋಗುತ್ತಿದ್ದಳು. ಅವಳು ಬರುವ ದಿನ ಬೆಳಗ್ಗೆಯಿಂದಲೇ ಅಜ್ಜನ ಮುಖ ಬಾಡುತ್ತಿತ್ತು. "ಆ ಹುಡುಗಿಯದು ಕೈಯಲ್ಲ, ಇಕ್ಕಳ," ಎನ್ನುತ್ತಿದ್ದ. ಬ್ಯಾಂಡನ್ನು ಮುರಿದ ಕಾಲಿಗೇ, ಅಂದರೆ ಬಲಗಾಲಿಗೇ ಕಟ್ಟಬೇಕು ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳು. ಬೆಳಗ್ಗೆ ಚಾರ್ಜಿನಿಂದ ತೆಗೆದು ಕಟ್ಟುವ ಕೆಲಸ ಕಿಡಿಯದು.

"ಹೊತ್ತಾಯ್ತು ಅಜ್ಜ. ಸ್ವಲ್ಪ ತಡ್ಕೋ," ಎಂದು ಕಿಡಿ ಪಟ್ಟಿಯನ್ನು ಎಳೆದಳು. ಅಜ್ಜ ಹಲ್ಲು ಕಚ್ಚಿದ. ಅವನು ಏನಾದರೂ ಹೇಳಿದ್ದರೆ ಕಿಡಿ ಕಟ್ಟಿ ಓಡಿಬಿಡುತ್ತಿದ್ದಳೇನೋ. ಹೇಳದೆ ಇದ್ದದ್ದರಿಂದ ಅವಳ ಕೈ ನಿಂತಿತು.

ಎಡಗಾಲು ಪಕ್ಕದಲ್ಲೇ ಇತ್ತು. ಊತವಿಲ್ಲ, ಗೆರೆಯಿಲ್ಲ.

"ಅಜ್ಜ, ಇವತ್ತೊಂದಿನ ಎಡಗಾಲಿಗೆ ಕಟ್ಲಾ? ನಡೆಯೋವಾಗ ಎರಡು ಕಾಲೂ ತಾನೇ ನಡೆಯೋದು?"

"ಮತ್ತೆ? ಬಲಗಾಲು ಮನೇಲಿ ಮಲಗಿದ್ರೆ ಎಡಗಾಲು ಒಂದೇ ಪೇಟೆಗೆ ಹೋಗುತ್ತಾ?"

ಲೆಕ್ಕ ಇಬ್ಬರಿಗೂ ಸರಿಯೆನಿಸಿತು. ಕಿಡಿ ಎಡಗಾಲಿಗೆ ಬ್ಯಾಂಡ್ ಕಟ್ಟಿ ಒಂದೇ ಉಸಿರಿಗೆ ಶಾಲೆಗೆ ಓಡಿದಳು.

*

ಅಜ್ಜ ಸಾಣೆ ಹಿಡಿಯುವವನು. ರಸ್ತೆಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಮರದ ಚೌಕಟ್ಟಿನ ಒಂದು ಹಳೆಯ ಮೆಷಿನ್. ಕೆಳಗೆ ದೊಡ್ಡ ಚಕ್ರ, ಮೇಲೆ ಸಾಣೆಕಲ್ಲು, ಪಕ್ಕದಲ್ಲಿ ಕಲ್ಲಿಗೆ ನೀರು ತೊಟ್ಟಿಕ್ಕಲು ಒಂದು ಡಬ್ಬಿ. ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಕಲ್ಲು ತಿರುಗುತ್ತದೆ. ದರ್ಜಿಗಳ ಕತ್ತರಿ, ಹೋಟೆಲಿನವರ ಚಾಕು, ತೋಟದವರ ಕುಡುಗೋಲು ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಚಿಕ್ಕವಳಿದ್ದಾಗ ಮೊಮ್ಮಗಳು ಕಲ್ಲಿನಿಂದ ಹಾರುವ ಕಿಡಿಗಳನ್ನು ಹಿಡಿಯಲು ಹೋಗುತ್ತಿದ್ದಳಂತೆ. ಅದಕ್ಕೇ ಅಜ್ಜ ಅವಳನ್ನು ಕಿಡಿ ಎಂದು ಕರೆದ. ಆಮೇಲೆ ಅವಳ ಬಾಯಿ ಬೆಳೆದ ಪರಿ ನೋಡಿ ಉಳಿದವರೂ ಆ ಹೆಸರನ್ನೇ ಒಪ್ಪಿಕೊಂಡರು.

ಕಾಲು ಮುರಿದ ಮೇಲೆ ಮೆಷಿನ್ ಮೂಲೆ ಸೇರಿತ್ತು. ಅಜ್ಜ ಅದನ್ನೇ ನೋಡುತ್ತ ಮಲಗುತ್ತಿದ್ದ. ಊಟ ಅರ್ಧಕ್ಕೆ ಬಿಡುತ್ತಿದ್ದ. ಕೊನೆಗೆ ಅಮ್ಮನೇ ಸೋತು ಒಂದು ಒಪ್ಪಂದಕ್ಕೆ ಬಂದಿದ್ದಳು.

"ಕೂತು ಸ್ವಲ್ಪ ಹೊತ್ತು ಕೆಲಸ ಮಾಡಿದ್ರೆ ಪರವಾಗಿಲ್ಲ ಅಂದಿದ್ದಾಳೆ ಫಿಸಿಯೋ. ಮಾಡು. ಆದ್ರೆ ಮೊದಲು ನಡಿಗೆ, ಆಮೇಲೆ ಮೆಷಿನ್. ನೀನು ನಡೀಲಿಲ್ಲ ಅಂದ್ರೆ ನೋಡಪ್ಪ, ಅದನ್ನ ಗುಜರಿಯವನಿಗೆ ಕೊಟ್ಟುಬಿಡ್ತೀನಿ."

ಅಮ್ಮ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಕಿಡಿಯ ಅಪ್ಪ ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತ ಅಲ್ಲೇ ಇರುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅಜ್ಜನೊಬ್ಬನೇ. ಅವನು ನಡೆದನೋ ಇಲ್ಲವೋ ಎಂದು ಹೇಳಬಲ್ಲದ್ದು ಆ ಚಾಡಿಕೋರ ಮಾತ್ರ. ಅದು ದಿನಾ ಸಂಜೆ ಫೋನಿನಲ್ಲಿ ಒಂದು ಬಣ್ಣದ ಪಟ್ಟಿ ತೋರಿಸುತ್ತಿತ್ತು. ನಡೆದರೆ ಹಸಿರು, ಸಾಲದಿದ್ದರೆ ಹಳದಿ, ಕೂತೇ ಇದ್ದರೆ ಕೆಂಪು. ಅಜ್ಜನ ಪಟ್ಟಿ ಫಿಸಿಯೋ ಅಕ್ಕ ಬಂದ ದಿನ ಹಳದಿ, ಉಳಿದ ದಿನ ಕೆಂಪು.

ಆ ಸಂಜೆ ಅಮ್ಮ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನ್ ಎತ್ತಿಕೊಂಡಳು. ನೋಡಿದಳು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು.

"ಅಪ್ಪ, ಹಸಿರು ಬಂದಿದೆ."

"ಹೌದಾ?" ಎಂದ ಅಜ್ಜ.

"ಅಷ್ಟು ನಡೆದ್ಯಾ ಇವತ್ತು?"

"ಹೂಂ. ಅಡುಗೆಮನೆ ತನಕ ಹೋಗಿ ಬಂದೆ."

ಅಮ್ಮ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ, ಆ ನಗು ಕೊನೆಯಲ್ಲಿ ಅಳುವಿನ ಹಾಗಾಯಿತು. ಕಿಡಿ ಬಾಗಿಲ ಹಿಂದೆ ನಿಂತು ಹಿಗ್ಗಿದಳು. ಬ್ಯಾಂಡ್ ಬಿಗಿಯಾಗಿ ಕಾಲು ನೋಯುತ್ತಿದ್ದದ್ದಕ್ಕೇ ಅಜ್ಜ ನಡೆಯುತ್ತಿರಲಿಲ್ಲ, ಈಗ ನೋವಿಲ್ಲ, ಅದಕ್ಕೇ ನಡೆದಿದ್ದಾನೆ ಎಂದುಕೊಂಡಳು. ಹಾಗಿದ್ದರೆ ಇದು ತನ್ನದೇ ಜಾಣತನ. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಬಲಗಾಲಿಗೇ ಕಟ್ಟು ಅಂದಾರು.

ಮರುದಿನವೂ ಹಸಿರು. ಅದರ ಮರುದಿನವೂ ಹಸಿರು. ಮುಂದಿನ ವಾರ ಫಿಸಿಯೋ ಅಕ್ಕ ಫೋನ್ ಮಾಡಿದಳು. ಅಮ್ಮ ಸ್ಪೀಕರ್ ಹಾಕಿದಳು.

"ನಿಮ್ಮಪ್ಪ ತುಂಬಾ ಚೆನ್ನಾಗಿ ನಡೀತಿದ್ದಾರೆ. ಇನ್ಮೇಲೆ ನಾನು ಬರೋದು ಬೇಡ, ಫೋನಲ್ಲಿ ವಿಚಾರಿಸ್ತೀನಿ. ಕೆಂಪು ಬರ್ತಿರೋರ ಮನೆಗಳೇ ಬೇಕಾದಷ್ಟಿವೆ, ಅಲ್ಲಿಗೆ ಹೋಗ್ಬೇಕು. ತಿಂಗಳು ಬಿಟ್ಟು ಬಂದು ನೋಡ್ತೀನಿ."

"ಇಕ್ಕಳ ಹೋಯ್ತು," ಎಂದು ಅಜ್ಜ ಕಿಡಿಯ ಕಿವಿಯಲ್ಲಿ ಪಿಸುಗುಟ್ಟಿದ. ಅಮ್ಮ ಮರುದಿನದಿಂದ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಒಪ್ಪಿಕೊಂಡಳು.

*

ಒಂದು ಭಾನುವಾರ ಅಮ್ಮ ಕೆಲಸಕ್ಕೆ ಹೋಗಿದ್ದಳು. ಸಲೂನ್ ಮಾಮ ಬಂದು ಕತ್ತರಿಗಳ ಕಟ್ಟು ಬಿಚ್ಚಿಟ್ಟ. ಬೀದಿಯ ಕೊನೆಯ ಸಲೂನ್ ಅವನದು. ಊರಿನವರ ಕೂದಲನ್ನೆಲ್ಲ ಕತ್ತರಿಸುವವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ದಿನಾ ಮಾಡುವಂತೆ ಅಜ್ಜನನ್ನು ಎತ್ತಿ ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, "ಮಧ್ಯಾಹ್ನ ಬರ್ತೀನಿ," ಎಂದು ಹೋದ.

ಅಜ್ಜ ಪೆಡಲ್ ತುಳಿಯತೊಡಗಿದ. ಕಿಡಿ ಬಾಗಿಲ ಹತ್ತಿರ ಕಾಲು ಚಾಚಿ ಕುಳಿತು ಫೋನಿನಲ್ಲಿ ಆಟ ಆಡುತ್ತಿದ್ದಳು. ಆಟದಲ್ಲಿ ಮೂರು ಸಲ ಸತ್ತು ಬೇಜಾರಾಗಿ ಬ್ಯಾಂಡಿನ ಆ್ಯಪ್ ತೆರೆದಳು. ಪಟ್ಟಿ ಇನ್ನೂ ಕೆಂಪಾಗಿತ್ತು. ಬೆಳಗಿನ ಹೊತ್ತಲ್ಲವೇ.

ಅವಳು ನೋಡುತ್ತಿದ್ದಂತೆಯೇ ಪಟ್ಟಿ ಸ್ವಲ್ಪ ಮುಂದೆ ಸರಿಯಿತು. ಇನ್ನೂ ಸ್ವಲ್ಪ ಸರಿಯಿತು.

ಕಿಡಿ ತಲೆಯೆತ್ತಿದಳು. ಅಜ್ಜ ಸ್ಟೂಲಿನ ಮೇಲೆಯೇ ಇದ್ದ. ಅವನ ಬಲಗಾಲು ಮುಂದಕ್ಕೆ ಚಾಚಿಕೊಂಡು ಸುಮ್ಮನೆ ಬಿದ್ದಿತ್ತು. ಎಡಗಾಲು ಪೆಡಲ್ ತುಳಿಯುತ್ತ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಅಜ್ಜ ಕತ್ತರಿಯ ಅಲಗು ತಿರುವಿ ನೋಡಲು ಪೆಡಲ್ ನಿಲ್ಲಿಸಿದ. ಪಟ್ಟಿಯೂ ನಿಂತಿತು. ಮತ್ತೆ ತುಳಿದ. ಪಟ್ಟಿಯೂ ಹೊರಟಿತು. ನೋಡುತ್ತ ನೋಡುತ್ತ ಅದು ಹಳದಿಗೆ ತಿರುಗಿತು.

ಕಿಡಿ ಎದ್ದು ಫೋನನ್ನು ಅವನ ಮುಖದೆದುರು ಹಿಡಿದಳು.

"ಅಜ್ಜ, ನೀನು ಕೂತೇ ಇದೀಯ. ಇದು ನಡೀತಿದೀಯ ಅಂತಿದೆ."

ಕಲ್ಲಿನ ಸದ್ದು ನಿಧಾನವಾಗಿ ಇಳಿದು ನಿಂತಿತು. ಅಜ್ಜ ಬೆರಳಿಂದ ಅಲಗನ್ನು ಸವರುತ್ತ ಕುಳಿತ.

"ನಂಗೂ ಅನುಮಾನ ಇತ್ತು," ಎಂದ. "ಅಡುಗೆಮನೆಗೆ ಒಂದು ಸಲ ಹೋಗಿದ್ದಕ್ಕೆ ಯಾರಾದ್ರೂ ಹಸಿರು ಕೊಡ್ತಾರಾ?"

"ಹಾಗಾದ್ರೆ ನೀನು ನಡೀತಾನೇ ಇಲ್ವಾ?"

"ನಡೀತೀನಿ ಕಣೇ. ಹೋಗಲೇಬೇಕಾದಾಗ." ಅಜ್ಜ ಅವಳ ಕಡೆ ನೋಡಲಿಲ್ಲ. "ಕಾಲು ಊರಿದ ತಕ್ಷಣ ಒಳಗಡೆ ಏನೋ ಕಚ್ಚಿ ಹಿಡಿದ ಹಾಗಾಗುತ್ತೆ. ಮತ್ತೆ ಬಿದ್ದುಬಿಡ್ತೀನೇನೋ ಅಂತ ಭಯ. ಇಲ್ಲಿ ಕೂತ್ರೆ ಆ ಭಯ ಇಲ್ಲ. ಚಕ್ರ ತಿರುಗ್ತಿರೋವಾಗ ನಾನು ಬಿದ್ದೋನು ಅನ್ನೋದೇ ಮರೆತು ಹೋಗುತ್ತೆ."

ಕಿಡಿ ಫೋನನ್ನು ಕೆಳಗಿಳಿಸಿದಳು.

"ಅಮ್ಮಂಗೆ ಹೇಳ್ಬೇಡ," ಎಂದ ಅಜ್ಜ. "ಹೇಳಿದ್ರೆ ಮೆಷಿನ್ ಗುಜರಿಗೆ ಹೋಗುತ್ತೆ."

ಹೇಳಬಾರದು ಎನ್ನುವುದಕ್ಕೆ ಕಿಡಿಗೆ ಇನ್ನೊಂದು ಕಾರಣವೂ ಇತ್ತು. ಎಡಗಾಲಿಗೆ ಬ್ಯಾಂಡ್ ಕಟ್ಟಿದವಳು ಅವಳೇ. ಅದು ಗೊತ್ತಾದರೆ ಅಮ್ಮ ಏನು ಮಾಡುತ್ತಾಳೋ.

"ಹೇಳಲ್ಲ," ಎಂದಳು. "ಆದ್ರೆ ನೀನು ನಾಳೆಯಿಂದ ಸ್ವಲ್ಪ ನಡೀಬೇಕು."

"ನಡೀತೀನಿ," ಎಂದ ಅಜ್ಜ.

ಅವನು ನಡೆಯಲಿಲ್ಲ. ಅವಳು ಹೇಳಲೂ ಇಲ್ಲ.

*

ಕಿಡಿಯ ಪಕ್ಕದಲ್ಲಿ ಕೂರುವ ಹುಡುಗನಿಗೆ ಎಲ್ಲರೂ ಕೋತಿ ಎನ್ನುತ್ತಿದ್ದರು. ಮರದಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ಆ ಹೆಸರು ಗಟ್ಟಿಯಾಗಿಬಿಟ್ಟಿತ್ತು. ಒಂದು ದಿನ ಅವನು ಪ್ಲಾಸ್ಟರ್ ತೆಗೆಸಿಕೊಂಡು ಬಂದ. ಬೆಲ್ ಆಗುವ ಮೊದಲು ಎಲ್ಲರೂ ಅವನ ಬೆಂಚನ್ನು ಮುತ್ತಿಕೊಂಡರು.

"ನೋಡ್ರೋ, ಇದು ನಂದೇ ಕೈಯಾ ಅಂತ ಡೌಟ್ ಬರ್ತಿದೆ," ಎಂದು ಅವನು ಎರಡೂ ತೋಳು ಚಾಚಿದ.

ಮುರಿದ ಕೈ ಇನ್ನೊಂದರ ಅರ್ಧದಷ್ಟಿತ್ತು. ಚರ್ಮ ಒಣಗಿ ಬೆಳ್ಳಗಾಗಿತ್ತು.

"ಯಾಕೆ ಹಿಂಗಾಯ್ತು?" ಕಿಡಿ ಕೇಳಿದಳು.

"ಕೆಲಸ ಕೊಡ್ಲಿಲ್ಲ ಅಂದ್ರೆ ಹಿಂಗೇ ಕರಗಿ ಹೋಗುತ್ತಂತೆ. ನನ್ನದು ಬರುತ್ತೆ ಅಂದ್ರು ಡಾಕ್ಟ್ರು. ಚಿಕ್ಕವರದ್ದು ಬೇಗ ಬರುತ್ತಂತೆ."

ಉಳಿದವರು ನಕ್ಕರು. ಒಬ್ಬ ಅದನ್ನು ಸ್ಕೇಲಿನಿಂದ ಅಳೆಯಲು ಬಂದ. ಕಿಡಿಗೆ ಆ ದಿನದ ಯಾವ ಪಾಠವೂ ತಲೆಗೆ ಹೋಗಲಿಲ್ಲ. ಚಿಕ್ಕವರದ್ದು ಬೇಗ ಬರುತ್ತದೆ. ದೊಡ್ಡವರದ್ದು? ತುಂಬಾ ದೊಡ್ಡವರದ್ದು?

ಸಂಜೆ ಮನೆಗೆ ಬಂದವಳೇ ಅಜ್ಜನ ಪೈಜಾಮವನ್ನು ಎರಡೂ ಕಡೆ ಮಂಡಿಯ ತನಕ ಮಡಚಿದಳು.

"ಏನೇ ಇದು?" ಎಂದ ಅಜ್ಜ.

ಕಿಡಿ ಎರಡೂ ಕಾಲನ್ನು ಒತ್ತಿ ನೋಡಿದಳು. ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಲಗಾಲಿನದ್ದು ಮೆತ್ತಗೆ ಜೋತು ಬಿದ್ದಿತ್ತು. ಊತ ಯಾವಾಗಲೋ ಇಳಿದುಹೋಗಿತ್ತು. ದಿನಾ ಬೆಳಗ್ಗೆ ಈ ಕಾಲುಗಳ ಎದುರೇ ಕುಳಿತರೂ ಅವಳು ಬಲಗಾಲನ್ನು ನೋಡಿಯೇ ಇರಲಿಲ್ಲ.

"ಮಂಡಿ ಮಡಚು ಅಜ್ಜ."

ಅಜ್ಜ ಮಡಚಿದ. ಅದು ಸ್ವಲ್ಪವೇ ಬಾಗಿ ನಿಂತುಬಿಟ್ಟಿತು.

"ವಯಸ್ಸಾದೋರ ಕಾಲು ಹಾಗೇ ಇರುತ್ತೆ," ಎನ್ನುತ್ತ ಅಜ್ಜ ಪೈಜಾಮ ಕೆಳಗೆಳೆದುಕೊಂಡ. ಎರಡೂ ಕಾಲಿಗೂ ಅಷ್ಟೇ ವಯಸ್ಸಾಗಿದೆಯಲ್ಲ ಎಂದು ಕೇಳಬೇಕೆನಿಸಿತು ಕಿಡಿಗೆ.

*

ಅದಾದ ಸ್ವಲ್ಪ ದಿನಕ್ಕೆ, ಕಿಡಿ ಶಾಲೆಯಿಂದ ಬಂದಾಗ ಮೆಷಿನ್ ಸದ್ದು ಇರಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಅವಳು ಬಗ್ಗಿ ಒಳಗೆ ಹೋದಳು.

ಅಜ್ಜ ಸ್ಟೂಲಿನ ಮೇಲಿದ್ದ. ಎರಡೂ ಕೈಗಳಿಂದ ಮೆಷಿನ್ನಿನ ಚೌಕಟ್ಟನ್ನು ಹಿಡಿದುಕೊಂಡು ಗೋಡೆಯನ್ನು ನೋಡುತ್ತಿದ್ದ. ವಾಕರ್ ಕೈಗೆಟುಕದಷ್ಟು ದೂರದಲ್ಲಿ ಬಿದ್ದಿತ್ತು. ಸ್ಟೂಲಿನ ಕೆಳಗೆ ನೆಲ ಒದ್ದೆಯಾಗಿತ್ತು.

"ಸಲೂನ್ ಮಾಮ ಬರ್ಲಿಲ್ವಾ?"

"ಬೆಳಗ್ಗೆ ಕೂರಿಸಿ ಹೋದ. ಮದುವೆ ಮನೆಗೆ ಕರೆದಿದ್ರಂತೆ, ಅಲ್ಲಿಗೆ ಹೋದ." ಅಜ್ಜನ ದನಿ ಒಣಗಿತ್ತು. "ಏಳಕ್ಕೆ ನೋಡಿದೆ. ಆಗ್ಲಿಲ್ಲ."

ಕಿಡಿ ಒದ್ದೆಯನ್ನು ನೋಡಿದಳು. ಆಮೇಲೆ ವಾಸನೆ ಮೂಗಿಗೆ ಬಂತು.

"ನೀರಿನ ಡಬ್ಬಿ ಮಗುಚಿತು," ಎಂದ ಅಜ್ಜ, ಇನ್ನೂ ಗೋಡೆಯನ್ನೇ ನೋಡುತ್ತ.

ಡಬ್ಬಿ ಕಲ್ಲಿನ ಪಕ್ಕದಲ್ಲಿ, ಅದರ ಜಾಗದಲ್ಲಿಯೇ ಇತ್ತು. ತುಂಬಿತ್ತು.

"ಹೂಂ," ಎಂದಳು ಕಿಡಿ. "ಡಬ್ಬಿ ಮಗುಚಿದೆ. ಒರೆಸ್ತೀನಿ ಇರು."

ಅವಳು ಮೊದಲು ಶಟರ್ ಪೂರ್ತಿ ಎಳೆದಳು. ಬಟ್ಟೆ ತಂದು ನೆಲ ಒರೆಸಿದಳು. ಬೇರೆ ಪೈಜಾಮ, ಟವೆಲ್ ತಂದು ಕೊಟ್ಟು ಆ ಕಡೆ ತಿರುಗಿ ನಿಂತಳು. ಅತ್ತರೆ ಅಜ್ಜನಿಗೆ ಕೇಳುತ್ತದೆ ಎಂದು ತುಟಿ ಕಚ್ಚಿಕೊಂಡಳು.

ಅಜ್ಜನನ್ನು ಏಳಿಸುವುದೇ ದೊಡ್ಡ ಕಷ್ಟವಾಯಿತು. ಅವಳ ಹೆಗಲ ಮೇಲೆ ಅವನು ಭಾರ ಬಿಟ್ಟ. ಎದ್ದ. ಬಲಗಾಲು ಊರಿದ ಕೂಡಲೇ ಮಂಡಿ ಕೈಕೊಟ್ಟಿತು. ಮತ್ತೆ ಸ್ಟೂಲಿನ ಮೇಲೆ ಕುಸಿದ. ಹೀಗೇ ಮತ್ತೆರಡು ಸಲ ಆಯಿತು.

"ಪಕ್ಕದ ಮನೆಯವರನ್ನ ಕರೀಲಾ?"

"ಯಾರನ್ನೂ ಕರೀಬೇಡ."

ಕೊನೆಗೆ ಅಜ್ಜ ಸ್ಟೂಲಿನಿಂದ ನೆಲಕ್ಕೆ ಜಾರಿ ಕುಳಿತ. ಎರಡೂ ಕೈಗಳನ್ನು ಊರಿ, ಬಲಗಾಲನ್ನು ಎಳೆದುಕೊಂಡು, ತೆವಳುತ್ತ ಒಳಗಿನ ಕೋಣೆಗೆ ಹೊರಟ. ಕಿಡಿ ವಾಕರ್ ಎತ್ತಿಕೊಂಡು ಹಿಂದೆ ಹಿಂದೆ ಹೋದಳು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮಂಚದ ಮೇಲಿದ್ದ ಫೋನು ಟಣ್ ಎಂದಿತು. ಪರದೆಯ ಮೇಲೆ ಎರಡು ಪುಟ್ಟ ಕೈಗಳು ಚಪ್ಪಾಳೆ ತಟ್ಟುತ್ತಿದ್ದವು. ಇವತ್ತಿನ ಗುರಿ ಮುಟ್ಟಿದ್ದೀರಿ, ಅಭಿನಂದನೆಗಳು ಎಂದು ಹಸಿರು ಅಕ್ಷರದಲ್ಲಿ ಬಂದಿತ್ತು.

ಕಿಡಿ ಫೋನನ್ನು ಬೋರಲು ಹಾಕಿದಳು.

*

ಮರುದಿನ ಬೆಳಗ್ಗೆ ಅಮ್ಮ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು. ಕಿಡಿ ಬ್ಯಾಂಡ್ ತಂದು ನೆಲದ ಮೇಲೆ ಕುಳಿತಳು. ಅಜ್ಜ ಅಭ್ಯಾಸದಂತೆ ಎಡಗಾಲು ಮುಂದಿಟ್ಟ. ಕಿಡಿ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಲಗಾಲನ್ನು ಎತ್ತಿಕೊಂಡಳು.

"ಬೇಡ ಕಿಡಿ," ಎಂದ ಅಜ್ಜ.

ಅವಳು ಪಟ್ಟಿ ಸುತ್ತಿದಳು. ಕೊನೆಯ ತನಕ ಎಳೆದರೂ ಅದು ಸಡಿಲವಾಗಿಯೇ ಇತ್ತು.

"ನೀನು ಹೇಳಲ್ಲ ಅಂದಿದ್ದೆ."

"ನಾನು ಯಾರಿಗೂ ಹೇಳಿಲ್ಲ," ಎಂದಳು ಕಿಡಿ. ಬ್ಯಾಗ್ ಎತ್ತಿಕೊಂಡು ತಿರುಗಿ ನೋಡದೆ ಹೊರಟಳು.

ಆ ಸಂಜೆ ಕೆಂಪು. ಅದರ ಮರುದಿನವೂ ಕೆಂಪು. ಅಮ್ಮ ಬ್ಯಾಂಡ್ ಕೆಟ್ಟಿದೆ ಎಂದುಕೊಂಡಳು. ಮೂರನೆಯ ದಿನ ಫಿಸಿಯೋ ಅಕ್ಕನೇ ಬಂದಳು. ಅವಳ ಬ್ಯಾಗಿನಲ್ಲಿ ಹೊಸ ಬ್ಯಾಂಡ್ ಇತ್ತು. ಅದನ್ನು ತೆಗೆಯುವ ಮೊದಲು ಅವಳು ಅಜ್ಜನ ಪೈಜಾಮ ಮೇಲಕ್ಕೆತ್ತಿದಳು. ಬ್ಯಾಂಡಿನ ವಿಷಯ ಮರೆತೇಬಿಟ್ಟಳು. ಮಂಡಿ ಮಡಚಿ ನೋಡಿದಳು. ತೊಡೆಯನ್ನು ಒತ್ತಿ ನೋಡಿದಳು.

"ಈ ಕಾಲು ನಡೆದೇ ಇಲ್ಲ," ಎಂದಳು. "ಅಷ್ಟೊಂದು ಹಸಿರು ಎಲ್ಲಿಂದ ಬಂತು?"

ಅಜ್ಜ ಕಣ್ಣು ಮುಚ್ಚಿಕೊಂಡ. ಅಮ್ಮ ಅವನನ್ನೂ ಅಕ್ಕನನ್ನೂ ನೋಡಿದಳು.

"ನಾನೇ ಎಡಗಾಲಿಗೆ ಕಟ್ಟಿದ್ದು," ಎಂದಳು ಕಿಡಿ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಊದಿದ ಕಾಲು, ಪೆಡಲ್, ಪಟ್ಟಿ ಸರಿದದ್ದು, ಎಲ್ಲವನ್ನೂ ಹೇಳಿದಳು. ಒದ್ದೆಯಾದ ನೆಲವೊಂದನ್ನು ಬಿಟ್ಟು.

ಅಮ್ಮ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡು ಕಿಡಿ ತಲೆ ತಗ್ಗಿಸಿದಳು. ಅಮ್ಮ ಆ ಕೈಯನ್ನು ತನ್ನ ಬಾಯಿಗೇ ಒತ್ತಿಕೊಂಡಳು.

"ನಾನೂ ದಿನಾ ಫೋನ್ ನೋಡ್ತಿದ್ದೆ," ಎಂದಳು ಅಮ್ಮ. "ಒಂದಿನ ಕಾಲು ನೋಡ್ಲಿಲ್ಲ."

"ತಿಂಗಳಾದಾಗಲೇ ನಾನು ಬಂದು ನೋಡ್ಬೇಕಿತ್ತು," ಎಂದಳು ಅಕ್ಕ. ಅವಳ ಮುಖವೂ ಸಣ್ಣದಾಗಿತ್ತು.

"ಸರಿ ಹೋಗುತ್ತಾ?" ಕಿಡಿ ಕೇಳಿದಳು.

ಅಕ್ಕ ಅಜ್ಜನ ಪೈಜಾಮ ಕೆಳಗೆಳೆದಳು. "ಮೊದಲಿನ ಹಾಗೆ ಆಗಲ್ಲ ಪುಟ್ಟ. ಮಂಡಿ ಗಟ್ಟಿಯಾಗಿಬಿಟ್ಟಿದೆ. ದಿನಾ ಕಷ್ಟಪಟ್ರೆ ವಾಕರ್ ಹಿಡಿದು ಮನೆಯೊಳಗೆ ಓಡಾಡಬಹುದು."

"ಪೇಟೆಗೆ?"

"ಗೊತ್ತಿಲ್ಲ."

ಅಕ್ಕ ಹೋದ ಮೇಲೆ ಅಮ್ಮ ಮೆಷಿನ್ನಿಗೆ ಒಂದು ಹಳೆಯ ಚಾದರ ಹೊದಿಸಿ ಗೋಡೆಗೆ ಒತ್ತಿ ನಿಲ್ಲಿಸಿದಳು. ಗುಜರಿಗೆ ಕೊಡಲಿಲ್ಲ. ಕೊಡುವ ಮಾತನ್ನೂ ಆಡಲಿಲ್ಲ. ಸಂಜೆ ಸಲೂನ್ ಮಾಮ ಕತ್ತರಿಗಳ ಕಟ್ಟು ಹಿಡಿದು ಬಂದವನು, ಚಾದರ ನೋಡಿ ಬೋಳು ತಲೆ ಸವರಿಕೊಳ್ಳುತ್ತ ಬಾಗಿಲಲ್ಲೇ ನಿಂತ. ಆಮೇಲೆ ಬೇರೆ ಬೀದಿಯ ಕಡೆ ನಡೆದ.

*

ಅಜ್ಜ ಕಿಡಿಯ ಜೊತೆ ಮಾತು ಬಿಟ್ಟ.

ಫಿಸಿಯೋ ಅಕ್ಕ ಈಗ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಅವಳು ಮಂಡಿ ಮಡಚುವಾಗ ಅಜ್ಜ ಟವೆಲನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದ. ಕಿಡಿ ಹೊರಗೆ ಮೆಟ್ಟಿಲ ಮೇಲೆ ಕುಳಿತು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದರೂ ಕೇಳುತ್ತಿತ್ತು. ಈ ನೋವನ್ನು ಮನೆಗೆ ಕರೆತಂದವಳು ತಾನೇ ಎಂದು ಅವಳಿಗೆ ಅನಿಸುತ್ತಿತ್ತು. ಮೊದಲು ಕಟ್ಟಬಾರದ ಕಾಲಿಗೆ ಕಟ್ಟಿದವಳೂ ತಾನೇ, ಆಮೇಲೆ ಬೇಡವೆಂದರೂ ಕೇಳದೆ ಕಟ್ಟಿದವಳೂ ತಾನೇ.

ಸಂಜೆ ಅಜ್ಜ ವಾಕರ್ ಹಿಡಿದು ನಡೆಯುವಾಗ ಅವನ ಹಿಂದೆಯೇ ಹೋಗುವುದು ಕಿಡಿಯ ಕೆಲಸ. ಮುಟ್ಟಬಾರದು, ಆದರೆ ಕೈ ಬೆನ್ನ ಹತ್ತಿರವೇ ಇರಬೇಕು. ಅವಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ಕೋತಿಯ ಕೈ ದಪ್ಪವಾಗಿದೆ ಎಂದಳು. ಅವನು ಮತ್ತೆ ಮರ ಹತ್ತಿ ಬೈಸಿಕೊಂಡ ಎಂದಳು. ಅಜ್ಜನ ಬೆನ್ನು ಏನೂ ಹೇಳುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಅವನು ಅಮ್ಮನನ್ನೇ ಕರೆಯುತ್ತಿದ್ದ.

ಒಂದು ದಿನ ನಡೆಯುವಾಗ ಕಿಡಿಗೆ ಇದ್ದಕ್ಕಿದ್ದಂತೆ ಒಂದು ಮಾತು ಹೊಳೆಯಿತು. ಬಲಗಾಲಿಗೆ ಕಟ್ಟಿದ ಆ ಬೆಳಗ್ಗೆ, ತಾನು ಶಾಲೆಗೆ ಹೋದ ಮೇಲೆ ಅಜ್ಜ ಬ್ಯಾಂಡ್ ಬಿಚ್ಚಿ ಎಡಗಾಲಿಗೆ ಕಟ್ಟಿಕೊಳ್ಳಬಹುದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅವನ ಕೈಗಳಿಗೇನೂ ಆಗಿರಲಿಲ್ಲ. ಅವನು ಬಿಚ್ಚಿರಲಿಲ್ಲ. ಮರುದಿನವೂ ಬಿಚ್ಚಿರಲಿಲ್ಲ.

ಅವಳು ಅಜ್ಜನ ಬೆನ್ನನ್ನು ನೋಡಿದಳು. ಕೈಯನ್ನು ಇನ್ನಷ್ಟು ಹತ್ತಿರ ಹಿಡಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜ ಹಿತ್ತಲ ಕಡೆಯ ಓಣಿಯಷ್ಟು ದೂರ ಹೋಗುವ ಹಾಗಾದ. ಬಲ ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ, ಆ ಕಾಲನ್ನು ಅರ್ಧ ವೃತ್ತದಂತೆ ಬೀಸಿ ಮುಂದಿಡಬೇಕಿತ್ತು. ಬೀದಿಗೆ ಇಳಿಯುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಇನ್ನೂ ಬಂದಿರಲಿಲ್ಲ. ಕಿಡಿ ಹೋಮ್‌ವರ್ಕ್ ಬರೆಯುತ್ತಿದ್ದಳು. ಅಜ್ಜ ವಾಕರ್ ಎಳೆದುಕೊಂಡು ತಾನೇ ಎದ್ದ. ಕಿಡಿ ಪೆನ್ಸಿಲ್ ಬಿಟ್ಟು ಓಡಿ ಹಿಂದೆ ನಿಂತಳು. ಅವನು ಗೋಡೆಯ ಪಕ್ಕದಲ್ಲಿ, ಹೆಜ್ಜೆಗೊಮ್ಮೆ ನಿಲ್ಲುತ್ತ, ಬಚ್ಚಲುಮನೆಯ ಬಾಗಿಲ ತನಕ ಹೋದ. ಅಲ್ಲಿ ನಿಂತು ಉಸಿರು ತೆಗೆದುಕೊಂಡ.

ಅಕ್ಕ ಮತ್ತೆ ಬರತೊಡಗಿದಾಗಿನಿಂದ, ಮನೆಯಲ್ಲಿದ್ದಾಗಲೆಲ್ಲ ಯಾರಾದರೂ ಅವನ ಜೊತೆ ಒಳಗೆ ಹೋಗುತ್ತಿದ್ದರು. ಅಮ್ಮನೋ, ಕಿಡಿಯೋ. ಅಜ್ಜ ಆಗೆಲ್ಲ ಗೋಡೆಯ ಕಡೆ ಮುಖ ಮಾಡಿರುತ್ತಿದ್ದ.

ಕಿಡಿ ಬಾಗಿಲು ತಳ್ಳಲು ಮುಂದೆ ಬಂದಳು.

"ನೀನು ಇಲ್ಲೇ ನಿಲ್ಲು, ಕಿಡಿ," ಎಂದ ಅಜ್ಜ.

ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ಆ ಹೆಸರು ಕೇಳಿ ಅವಳು ಅಲ್ಲೇ ನಿಂತಳು. ಅಜ್ಜ ವಾಕರನ್ನು ಹೊಸಿಲು ದಾಟಿಸಿದ. ಬಲಗಾಲನ್ನು ಬೀಸಿ ಒಳಗಿಟ್ಟ. ತಿರುಗಿದ. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಚಿಲಕ ಹಾಕಬಾರದು ಎಂದು ಅಕ್ಕ ನೂರು ಸಲ ಹೇಳಿದ್ದಳು. "ಅಜ್ಜ, ಚಿಲಕ ತೆಗಿ" ಎಂಬ ಮಾತು ಕಿಡಿಯ ಗಂಟಲ ತನಕ ಬಂತು. ಅವಳು ಅದನ್ನು ನುಂಗಿಕೊಂಡಳು.

ಬಾಗಿಲ ಹತ್ತಿರವೇ ನಿಂತರೆ ತನ್ನ ಉಸಿರು ಒಳಗೆ ಕೇಳಬಹುದು. ಅವಳು ಸದ್ದಾಗದಂತೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆದಿಟ್ಟ ಪಾತ್ರೆಗಳನ್ನೇ ತೆಗೆದು, ಆಚೆಗೆ ಕೇಳುವಷ್ಟು ಸದ್ದು ಮಾಡುತ್ತ, ಮತ್ತೆ ತೊಳೆಯತೊಡಗಿದಳು. ಕಣ್ಣು ಮಾತ್ರ ಬಚ್ಚಲುಮನೆಯ ಬಾಗಿಲ ಮೇಲೆಯೇ ಇತ್ತು.